ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದ ಸಾಲು

ದಾವಣಗೆರೆ

ಪ್ರೀತಿಯ ಹುಡುಗಿಗೆ,

ನಿನ್ನ ಕಥೆ ಓದಿದೆ. ಜೊತೆಗಿಟ್ಟ ಪ್ರಶ್ನೆಗಳನ್ನೂ ಓದಿದೆ. ಕಥೆ ಎಷ್ಟು ಪುಟ ಇರಬೇಕು, ಯಾವ ಸ್ಪರ್ಧೆಗೆ ಕಳಿಸಬೇಕು, ಯಾವ ಪ್ರಕಾಶಕರು ದುಡ್ಡು ಕೇಳಲ್ಲ. ಇದನ್ನೆಲ್ಲ ನನ್ನ ಕೇಳಬೇಡಮ್ಮ. ಜಗಳೂರಿನಲ್ಲೇ ಯಾರಾದರೂ ಹೇಳುತ್ತಾರೆ.

ನನಗೆ ಬೇಜಾರಾಗಿದ್ದು ಬೇರೆ. ನಿನ್ನ ಕಥೆಯಲ್ಲಿ ನೀರಿನ ಟ್ಯಾಂಕರ್ ಕೇರಿಯವರೆಗೂ ಬಂದು ನಿಲ್ಲದೆ ಹೋಗುತ್ತದಲ್ಲ, ಅಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿದ್ದೀಯ. ಅದರಡಿ ಇದ್ದದ್ದನ್ನೂ ಓದಿದೆ. ಮೊದಲು 'ಪಂಚಾಯ್ತಿ ಮೆಂಬರ್ ಮನೆ ಮುಂದೆ ನಿಂತಿತು' ಅಂತಿತ್ತು. ಈಗ 'ಮುಂದೆಲ್ಲೋ ನಿಂತಿತು' ಆಗಿದೆ. 'ಕೇರಿ' ಹೋಗಿ 'ಒಂದು ಓಣಿ' ಬಂದಿದೆ. ಯಾರಿಗಾದರೂ ನೋವಾದರೆ ಅಂತ ಕಾಗದದಲ್ಲಿ ಬರೆದಿದ್ದೀಯ. ಹೊಡೆದು ಹಾಕು ಅಂತ ನಿನಗೆ ಯಾರಮ್ಮ ಹೇಳಿದ್ದು? ಯಾರೂ ಕೇಳಲೇ ಇಲ್ಲ, ಅಲ್ವಾ?

ಇಂಥದ್ದೇ ಕೆಲಸ ಮಾಡಿದ ಒಬ್ಬ ಸಂಪಾದಕರ ಮೇಲೆ ನನಗೆ ಹಳೇ ಸಿಟ್ಟಿದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಅದೇ ಕಾಲದಲ್ಲಿ ನಮ್ಮೂರಿನ ಹತ್ತಿ ಗಿರಣಿಯ ಕೂಲಿಗಳ ಬಗ್ಗೆ ನಾನೊಂದು ಕಥೆ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ 'ಮುಷ್ಕರ' ಇದ್ದ ಕಡೆಯೆಲ್ಲ 'ರಜೆ'! ನನ್ನ ಕೂಲಿಗಳು ರಜೆ ಮೇಲೆ ಹೋಗಿ ಲಾಠಿ ಏಟು ತಿಂದಿದ್ದರು. ಸೆನ್ಸಾರ್ ಅಧಿಕಾರಿ ಆ ಕಥೆಯನ್ನು ಕಣ್ಣಿಂದಲೂ ನೋಡಿರಲಿಲ್ಲ. ಈ ಸಂಪಾದಕರೇ ಮುಂಚೆಯೇ ಕತ್ತರಿ ಹಾಕಿದ್ದರು. ಎಷ್ಟೋ ವರ್ಷದ ಮೇಲೆ ಒಂದು ಸಮಾರಂಭದಲ್ಲಿ ಅದೇ ಮನುಷ್ಯರಿಗೆ ಪೇಟ ತೊಡಿಸಿದರು, ತುರ್ತು ಪರಿಸ್ಥಿತಿಯನ್ನು ಎದುರಿಸಿದವರು ಅಂತ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಅದಕ್ಕಿಂತ ತಾತಯ್ಯ ಅಂತ ಜನ ಕರೆಯುತ್ತಿದ್ದ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರನ್ನು ನೋಡು. ಆಗ ದಾವಣಗೆರೆ, ಚಿತ್ರದುರ್ಗ ಎಲ್ಲ ಮೈಸೂರು ಸಂಸ್ಥಾನ. 1908ರಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ಬಂತು. ತಾತಯ್ಯನವರು ಪ್ರತಿಭಟನೆಗೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮುಚ್ಚಿದರು, ಆದರೆ ಮೆತ್ತಗೆ ಮಾಡಿಕೊಂಡು ನಡೆಸಲಿಲ್ಲ.

ಕಾನೂನು ಗೊತ್ತಿಲ್ಲದೆ ಹೆದರಬೇಡ. ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಡುತ್ತದೆ. ಅದಕ್ಕೆ ಮಿತಿ ಹಾಕಲು ಯಾವ ಕಾರಣ ನಡೆಯುತ್ತದೆ ಅಂತ ಅದರಲ್ಲೇ ಪಟ್ಟಿ ಇದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಹೀಗೆ. 'ಸಾರ್ವಜನಿಕ ಸುವ್ಯವಸ್ಥೆ' 1951ರ ಮೊದಲ ತಿದ್ದುಪಡಿಯಲ್ಲಿ ಸೇರಿದ್ದು. ಮೆಂಬರ್ ಮನಸ್ಸಿಗೆ ನೋವು ಅನ್ನೋದು ಆ ಪಟ್ಟಿಯಲ್ಲಿಲ್ಲ. ಧಾರ್ಮಿಕ ಭಾವನೆಯ ಕಾನೂನು, ಬ್ರಿಟಿಷರು 1927ರಲ್ಲಿ ತಂದದ್ದು, ಅದು ಕೂಡ ಬೇಕೆಂದೇ ಕೆಟ್ಟ ಉದ್ದೇಶದಿಂದ ಅವಮಾನಿಸಿರಬೇಕು ಅನ್ನುತ್ತದೆ. ಹಾಗಂತ ಕೋರ್ಟು ಯಾವಾಗಲೂ ಬರೆಯುವವರ ಕಡೆಯೇ ಅಂದುಕೊಳ್ಳಬೇಡ. ಪಿ.ವಿ. ನಾರಾಯಣ ಅವರು ಬಸವಣ್ಣನವರ ಬಗ್ಗೆ ಬರೆದ 'ಧರ್ಮಕಾರಣ' ಕಾದಂಬರಿಗೆ ರಾಜ್ಯದ ಸಾಹಿತ್ಯ ಅಕಾಡೆಮಿಯೇ ಪ್ರಶಸ್ತಿ ಕೊಟ್ಟಿತ್ತು. 1997ರಲ್ಲಿ ಅದೇ ರಾಜ್ಯದ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರ ಮಾಡಿದ್ದು ಸರಿ ಅಂದಿತು. ವಚನದ ನಾಡು ಅಂತ ಭಾಷಣ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಭಯ ಸುಳ್ಳು ಅಂತಲೂ ಹೇಳಲ್ಲ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು. ಧೈರ್ಯ ಮಾಡು ಅಂತ ಸುಮ್ನೆ ಹೇಳಿ ಹೋಗುವವರನ್ನು ನಂಬಬೇಡ. ಆದರೆ ನಿನ್ನ ಭಯ ಆ ಥರದ್ದಲ್ಲ ಕಣಮ್ಮ. ಮೆಂಬರ್ ಹೆಂಡತಿ ಮಾತು ಬಿಡ್ತಾಳೆ ಅಂತ ನೀನೇ ಬರೆದಿದ್ದೀಯ. ಬಿಡಲಿ ಬಿಡು! ಅವಳೂ ಓದಿದಳು ಅಂತಾಯ್ತು. ನಿಜವಾದ ಮೆಂಬರ್ ಹೆಸರು ಹಾಕು ಅಂತ ನಾನು ಹೇಳ್ತಿಲ್ಲ. ಟ್ಯಾಂಕರ್ ಎಲ್ಲಿ ನಿಂತಿತು ಅಂತ ಹೇಳು, ಸಾಕು. ಅದಿಲ್ಲದಿದ್ದರೆ ಕೊಡ ಹಿಡಿದು ಓಡುವ ಆ ಅಜ್ಜಿ ಯಾಕೆ ಓಡುತ್ತಾಳೆ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಅಜ್ಜಿಯನ್ನು ಬಹಳ ಚೆನ್ನಾಗಿ ಬರೆದಿದ್ದೀಯ. ಹಿಗ್ಗಬೇಡ, ಅವಳೊಬ್ಬಳೇ ಚೆನ್ನಾಗಿರೋದು.

ಗೀಟು ಹಾಕಿದ್ದನ್ನೆಲ್ಲ ವಾಪಸ್ ಬರೆದು ಕಳಿಸು. ಈ ಸಲ ಪೆನ್ನಿನಲ್ಲಿ ಬರೆ, ನನ್ನ ಕಣ್ಣು ಮೊದಲಿನ ಹಾಗಿಲ್ಲ. ಮುನ್ನುಡಿ ಮಾತ್ರ ಕೇಳಬೇಡ, ಅದನ್ನು ಯಾರಿಗೂ ಬರೆದುಕೊಡಲ್ಲ.

ಇಂತಿ,
ನಿನ್ನ ಅಜ್ಜನ ವಯಸ್ಸಿನವನು