ಭಾನುವಾರ ಸೇರೋಣ: ಮೊದಲ 727 ವಿಮಾನ ಮತ್ತೆ ಹಾರಿದ ಕಥೆ

ಎಲ್ಲರಿಗೂ ನಮಸ್ಕಾರ್ರಿ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲೇ ಸೇರೋಣ. ಅಮೆರಿಕದ ಮೊಟ್ಟಮೊದಲ ಬೋಯಿಂಗ್ 727 ವಿಮಾನವನ್ನು ಸ್ವಯಂಸೇವಕರು ದುರಸ್ತಿ ಮಾಡಿದ ವಿಡಿಯೊ ಹಾಕ್ತೀವಿ. 1963ರಲ್ಲಿ ಮೊದಲು ಹಾರಿದ್ದು, 1991ರಲ್ಲಿ ಸಿಯಾಟಲ್ ಮ್ಯೂಸಿಯಮ್ಮಿಗೆ ಸೇರಿತು. ಬೇರೆ ಹಳೇ 727ಗಳಿಂದ ಸಾಮಾನು ಬಿಚ್ಚಿ ತಂದು ವರ್ಷಗಟ್ಟಲೆ ದುಡಿದರು. 2016ರ ಮಾರ್ಚ್ 2ರಂದು ದುರಸ್ತಿ ನಡೆದ ಎವರೆಟ್ ಊರಿನಿಂದ ಸಿಯಾಟಲ್‌ಗೆ ಕೊನೇ ಸಲ ಹಾರಿತು. ಅದನ್ನು ನೋಡಿದಾಗೆಲ್ಲ ನನಗೆ ಕಣ್ಣು ತುಂಬಿ ಬರುತ್ತೆ.

ತೋರಣಗಲ್ಲಿನ ಫಿಟ್ಟರ್ ಅಣ್ಣಂದಿರು ತಪ್ಪದೆ ಬರ್ರಿ. ವಿಮಾನದ ಅಲ್ಯೂಮಿನಿಯಮ್ ತುಕ್ಕು ನಮ್ಮ ಕಬ್ಬಿಣದ ತುಕ್ಕಿನ ಹಂಗಲ್ಲ. ಕೆಂಪಗೆ ಕಾಣಲ್ಲ, ಬಿಳಿ ಪುಡಿಯಾಗಿ ತಗಡು ಜೋಡಿಸೋ ರಿವೆಟ್ ಮೊಳೆಗಳ ಸುತ್ತ, ತಗಡುಗಳ ಸಂದಿಯಲ್ಲಿ ಒಳಗೊಳಗೇ ತಿನ್ನುತ್ತೆ. ಅದನ್ನು ಹುಡುಕೋದು ಹೆಂಗೆ ಅಂತ ನಿಮ್ಮ ಜೊತೆ ಕೂತು ಮಾತಾಡಬೇಕು.

ಮಕ್ಕಳನ್ನೂ ಕರಕೊಂಡು ಬರ್ರಿ. ಬರೋರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕ್ರಿ.