ಫಲಕದಲ್ಲಿ ಪಾಲೆ ಅಂತಲೂ ಬರೆಯಿರಿ

ಸಂಪಾದಕರೇ,

ಕಳೆದ ಶನಿವಾರ ಅಮ್ಮನನ್ನು ಕರೆದುಕೊಂಡು ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಹೋಗಿದ್ದೆ. ದಾರಿಯೆಲ್ಲ ಪಾಚಿ, ಕಾಲು ಜಾರುತ್ತದೆ. ಅದು ಬಿಡಿ, ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಎಲ್ಲಿ ಜಾರುವುದಿಲ್ಲ?

ಒಂದು ದೊಡ್ಡ ಮರದಡಿ ಅಮ್ಮ ನಿಂತರು. ಒಂದೊಂದು ಗೆಣ್ಣಿನಲ್ಲಿ ಆರೇಳು ಎಲೆ, ಕೊಡೆ ಬಿಡಿಸಿದ ಹಾಗೆ. "ಉಂದು ಪಾಲೆದ ಮರ ಅತ್ತಾ?" ಎಂದು ತುಳುವಿನಲ್ಲಿ ಕೇಳಿದರು, ಇದು ಪಾಲೆ ಮರ ಅಲ್ವಾ ಅಂತ. ತಗಡಿನ ಫಲಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಆಲ್ಸ್ಟೋನಿಯ ಸ್ಕಾಲರಿಸ್ ಅಂತಿತ್ತು, ಅಷ್ಟೇ. ಆಲ್ಸ್ಟನ್ ಎಂದರೆ 18ನೇ ಶತಮಾನದಲ್ಲಿ ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಸ್ಕಾಲರಿಸ್ ಅಂದದ್ದು ಈ ಮರದ ಹಲಗೆ ಮೇಲೆ ಶಾಲೆ ಮಕ್ಕಳು ಬರೆಯುತ್ತಿದ್ದರು ಅಂತ. ಒಳ್ಳೆಯ ಹೆಸರೇ, ತಕರಾರಿಲ್ಲ. ಆದರೆ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕಲ್ಲಿನಿಂದ ಜಜ್ಜಿ ಇದರ ಕೆತ್ತೆ (ತೊಗಟೆ) ತಂದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು, ಮುಖ ಕಿವುಚಿಕೊಂಡು ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವ ಊರಿನಲ್ಲಿ ಪಾಲೆ ಅನ್ನುವ ಎರಡಕ್ಷರಕ್ಕೆ ಜಾಗ ಇಲ್ವಾ?

ಅಲ್ಲೇ ನೋಟ್ಸ್ ಬರೆಯುತ್ತಿದ್ದ ಹುಡುಗಿಯೊಬ್ಬಳು ಲ್ಯಾಟಿನ್ ಹೆಸರು ಥಟ್ಟನೆ ಹೇಳಿದಳು. ಅಮ್ಮ ಕಷಾಯದ ಮಾತೆತ್ತಿದಾಗ, "ಅಯ್ಯೋ, ಇದಾ ಅದು? ವರ್ಷಾ ವರ್ಷ ಕುಡಿತೇನೆ!" ಎಂದಳು.

ಇದು ಸುಮ್ನೆ ಅಭಿಮಾನದ ಮಾತಲ್ಲ. ಇಪ್ಪತ್ತು ಹೆಜ್ಜೆ ಆಚೆ ಕಾಸರಕದ ಮರ ಇದೆ, ತುಳುವಿನಲ್ಲಿ ಕಾಯೆರ್. ಅದಕ್ಕೂ ಲ್ಯಾಟಿನ್ ಮಾತ್ರ. ಅದರ ಬೀಜ, ತೊಗಟೆ ಎರಡೂ ವಿಷ. ಕತ್ತಲೆಯಲ್ಲಿ ಗೊತ್ತಿಲ್ಲದವರು ಪಾಲೆ ಅಂತ ಇದರ ಕೆತ್ತೆ ತೆಗೆದರೆ ಏನು ಗತಿ? ನಮ್ಮಜ್ಜ ಹಿಂದಿನ ದಿನವೇ ಹೋಗಿ ಮರಕ್ಕೆ ಬಳ್ಳಿ ಸುತ್ತಿ ಗುರುತು ಮಾಡಿ ಬರುತ್ತಿದ್ದರಂತೆ. ಈಗ ಫ್ಲ್ಯಾಟಿನಲ್ಲಿ ಬೆಳೆದ ಹುಡುಗರು ಮೊಬೈಲಲ್ಲಿ ಫೋಟೊ ನೋಡಿ ಹೊರಡುತ್ತಾರೆ. ಪಾಲೆಯ ತೊಗಟೆ ಗೀರಿದರೆ ಬಿಳಿ ಹಾಲು ಬರುತ್ತದೆ, ಕಾಯೆರ್‌ನಲ್ಲಿ ಬರುವುದಿಲ್ಲ. ಕಾಯೆರ್ ಎಲೆ ಜೋಡಿ ಜೋಡಿ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ. (ಹಾಲು ಬರುವ ಬೇರೆ ವಿಷದ ಮರಗಳೂ ಇವೆ, ಹಾಲೊಂದನ್ನೇ ನಂಬಬೇಡಿ.) ಇಷ್ಟನ್ನು ಕನ್ನಡದಲ್ಲಿ, ತುಳು ಹೆಸರಿನ ಜೊತೆ ಆ ಎರಡು ಮರದ ಬುಡದಲ್ಲಿ ಬರೆದಿಟ್ಟರೆ ಜಾಸ್ತಿ ಖರ್ಚೇನೂ ಇಲ್ಲ.

ಹೊಸ ಫಲಕವನ್ನು ಮರಕ್ಕೆ ಮೊಳೆ ಹೊಡೆಯದೆ ನೆಲದಲ್ಲಿ ನೆಡಿ. ಪೈಂಟ್ ಡಬ್ಬಿ ನಾನು ಕೊಡಿಸುತ್ತೇನೆ, ಉಳಿದ ಮರಗಳ ತುಳು ಹೆಸರು ಹೇಳಲು ಅಮ್ಮ ಬರುತ್ತಾರೆ. ಮಳೆ ಇಲ್ಲದ ದಿನ ಕರೆಯಿರಿ.

– ಒಬ್ಬ ಓದುಗ, ಮಂಗಳೂರು