ಏಣಿ ಕೊಂಡವನ ಪತ್ರ

ಪ್ರೀತಿಯ ರಘು,

ಒಂದು ತಿಂಗಳಿಂದ ಫೋನ್ ಯಾಕೆ ಎತ್ತುತ್ತಿಲ್ಲ ಅಂತ ಕೇಳಿದ್ದೆಯಲ್ಲ, ಕಾರಣ ಗ್ಯಾರೇಜಿನಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ಮಲಗಿದೆ. ಎಂಜಿನ್ ಇಲ್ಲ, ಬಾಡಿ ಇಲ್ಲ, ಚಕ್ರ ಇಲ್ಲ. ಎರಡು ಉದ್ದನೆಯ ಕಬ್ಬಿಣದ ತೊಲೆ (ರೈಲು ಅನ್ನುತ್ತಾರೆ), ನಡುವೆ ಮೂರು ಅಡ್ಡಪಟ್ಟಿ, ಮೈತುಂಬ ತುಕ್ಕು. ಮನೆಗೆ ತಂದ ದಿನ ಸುಮ ಬಾಗಿಲಲ್ಲಿ ನಿಂತು ಎರಡು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ, "ಅಟ್ಟವೇ ಇಲ್ಲದ ಮನೆಗೆ ಏಣಿ ಯಾಕೆ?" ಅಂದಳು. ಅವತ್ತಿನಿಂದ ಅದರ ಹೆಸರು ಏಣಿ.

ಎಲ್ಲರೂ ಓದುವ ಜಾಗದಲ್ಲಿ ಪತ್ರ ಬರೆಯುತ್ತೀಯಾ ಅಂತ ಬೈಯಬೇಡ. ನಿನಗೊಬ್ಬನಿಗೇ ಬರೆದರೆ ಎರಡು ಸಾಲು ಓದಿ, "ಆರನೇ ಬೋಲ್ಟ್" ಅಂತ ಉತ್ತರ ಹಾಕಿ ಮಲಗಿಬಿಡುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಪೂರ್ತಿ ಓದುತ್ತೀಯ. (ಆರನೇ ಬೋಲ್ಟ್ ಏನು ಅಂತ ಉಳಿದವರು ಕೇಳಬೇಡಿ. ಇವನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.)

ಇದು 1932ರ ಫೋರ್ಡ್ ಚಾಸಿ ಕಣೋ, ಇಡೀ ಕಾರನ್ನು ಹೊರುವ ಅಡಿಗಟ್ಟು. ಹಳೆಯ ಕಾರನ್ನು ವೇಗಕ್ಕೆ ಮಾರ್ಪಡಿಸುವ ಹಾಟ್ ರಾಡ್ ಮಂದಿ ಡ್ಯೂಸ್ ಅನ್ನುತ್ತಾರೆ, 32ರ ಎರಡಕ್ಕೆ, ಇಸ್ಪೀಟಿನ ಎರಡರ ಎಲೆಗೆ ಅನ್ನುವ ಹಾಗೆ. ನೀನಿರುವುದು ಫೋರ್ಡಿನ ತವರಾದ ಮಿಷಿಗನ್‌ನಲ್ಲಿ, ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಇಪ್ಪತ್ತು ವರ್ಷದಿಂದ ನೀನು ಸೀಟಿನೊಳಗಿನ ಸ್ಪಂಜು ಒತ್ತಿ ನೋಡುತ್ತಿರುವವನು, ಆದ್ದರಿಂದ ಹೇಳಿಯೇ ಬಿಡುತ್ತೇನೆ.

1932ರ ಮಾರ್ಚ್ 31ರಂದು ಫೋರ್ಡ್ ಕಂಪನಿ ಸಾಮಾನ್ಯರು ಕೊಳ್ಳುವ ಕಾರಿಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿ ಜನರ ಮುಂದಿಟ್ಟಿತು. 221 ಕ್ಯೂಬಿಕ್ ಇಂಚು, 65 ಕುದುರೆಶಕ್ತಿ. ವಿ8 ಇರುವ ರೋಡ್‌ಸ್ಟರ್‌ಗೆ, ಅಂದರೆ ಮೇಲ್ಛಾವಣಿ ತೆರೆದ ಕಾರಿಗೆ, 460 ಡಾಲರ್. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಎಂಜಿನ್ ಅಲ್ಲ, ಅದರ ಕೆಳಗಿದ್ದ ಈ ರೈಲು. ಅದಕ್ಕೆ ಹಿಂದಿನ ಮಾಡೆಲ್ ಎ ಕಾರಿನಲ್ಲಿ ಚಾಸಿಯ ಪಕ್ಕೆ ಹೊರಗೆ ಕಾಣುತ್ತಿರಲಿಲ್ಲ, ತಗಡಿನ ಮರೆ ಇರುತ್ತಿತ್ತು. 32ರಲ್ಲಿ ಆ ಮರೆ ತೆಗೆದರು. ಎದುರಿಗೇ ಕಾಣುತ್ತದಲ್ಲ, ಹಾಗಾಗಿ ರೈಲಿನ ಉದ್ದಕ್ಕೂ ಬಾಡಿಯ ಬಾಗಿಗೆ ಹೊಂದುವ ಒಂದು ಗೆರೆ ಒತ್ತಿದರು. ಮಡ್‌ಗಾರ್ಡ್ ಕಿತ್ತು ಬಿಸಾಡಿದರೂ ಗಾಡಿ ಬೆತ್ತಲೆ ಅನ್ನಿಸುವುದಿಲ್ಲ. ಭಾರ ಇಳಿಸಲು ಮಡ್‌ಗಾರ್ಡ್ ಬಿಚ್ಚಿ ಇಲ್ಲಿ ಕ್ಯಾಲಿಫೋರ್ನಿಯಾದ ಮ್ಯೂರಾಕ್‌ನ, ಎಲ್ ಮಿರಾಜ್‌ನ ಒಣ ಕೆರೆ ಅಂಗಳದಲ್ಲಿ ಓಡಿಸುತ್ತಿದ್ದ ಹುಡುಗರಿಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಮಾಡೆಲ್ ಎ ಬಾಡಿ ಇದ್ದವರೂ ಅದನ್ನು ತಂದು ಈ ರೈಲಿನ ಮೇಲೆ ಕೂರಿಸಿದರು. ಆ ಒಂದು ಗೆರೆ ಕಂಡರೆ ಸಾಕು, ಟಾರ್ಪಾಲಿನ್ ಸಂದಿಯಿಂದ ಕಂಡರೂ ಗುರುತು ಹಿಡಿಯಬಹುದು. ನಾನು ಹಿಡಿದಿದ್ದೂ ಹಾಗೇ.

ಇಡೀ ಕಾರು ಹೊಸದಾಗಿದ್ದಾಗ 460. ತೊಂಬತ್ತು ವರ್ಷದ ಮೇಲೆ ಅದರ ಬೆನ್ನುಮೂಳೆಗೆ ನಾನು ಕೊಟ್ಟಿದ್ದು 350. ಇದನ್ನು ಫೋಟೋ ಹಾಕಿ ಊರಿಗೆಲ್ಲ ಸಾರಿದ್ದು ನೀನೂ ನೋಡಿದೆ. "ಲಾಟರಿ ಹೊಡೆದ್ಯಲ್ಲೋ" ಅಂದೆ. ಎಲ್ಲರೂ ಅಂದರು. ಎಡಗಡೆ ರೈಲಿನ ಮೇಲ್ಮೈ ಉಜ್ಜಿದಾಗ ನಕ್ಷತ್ರದ ಗುರುತು, ಅದರ ಮುಂದೆ 18 ಅಂತ ಶುರುವಾಗುವ ನಂಬರ್ ಸಿಕ್ಕಿತು. ವಿ8 ಕಾರು ಮಾಡೆಲ್ 18, ಅಂದರೆ ಅಸಲಿ ಮಾಲು. ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಗ್ಯಾರೇಜಿನಲ್ಲಿ ನಾನು ಮಾಡಿದ ಕುಣಿತ ನೋಡಿ ಮಗಳು ಬಾಗಿಲು ಹಾಕಿಕೊಂಡು ಹೋದಳು.

ಈಗ ಸಮಸ್ಯೆ ಏನಪ್ಪಾ ಅಂದರೆ, ಇದನ್ನು ಏನು ಮಾಡುವುದು? ಗುಂಡಿ ಸಿಕ್ಕಿತು ಅಂತ ಕೋಟು ಹೊಲಿಸಲು ಹೊರಟವನ ಸ್ಥಿತಿ ನನ್ನದು.

ಹುಟ್ಟಿದ ಹಾಗೇ ಮಾಡು ಅನ್ನುವವರಿದ್ದಾರೆ. ತೂತೆಲ್ಲ ಮುಚ್ಚಿ, ಹಳೆಯ ವಿ8 ಹುಡುಕಿ, ಸರಳು ಎಳೆದು ಹಿಡಿಯುವ ಹಳೇ ಕಾಲದ ಬ್ರೇಕನ್ನೇ ಹಾಕಬೇಕಂತೆ. ಫೋರ್ಡ್ ಹೈಡ್ರಾಲಿಕ್ ಬ್ರೇಕಿಗೆ ಬಂದಿದ್ದೇ 1939ರಲ್ಲಿ. ಈ ಊರಿನ ಫ್ರೀವೇಯಲ್ಲಿ ಸರಳಿನ ಬ್ರೇಕು ನಂಬಿಕೊಂಡು ಹೋಗುವಷ್ಟು ಪುಣ್ಯ ನಾನು ಮಾಡಿಲ್ಲ. ಅಷ್ಟು ದುಡ್ಡೂ ಇಲ್ಲ. ಆ ಮಾತು ಅಲ್ಲಿಗೆ ಬಿಡು.

ಎರಡನೆಯದು ನನ್ನ ಕನಸು. ಹಿಂದುಗಡೆ ರೈಲನ್ನು ಕತ್ತರಿಸಿ, ಮೆಟ್ಟಿಲಿನ ಹಾಗೆ ಮೇಲೆತ್ತಿ ಮತ್ತೆ ಬೆಸೆಯುವುದು. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಝಡ್ ಅಕ್ಷರ. ಆಕ್ಸಲ್ ಇದ್ದಲ್ಲೇ ಇರುತ್ತದೆ, ಗಾಡಿ ನೆಲಕ್ಕೆ ಇಳಿಯುತ್ತದೆ. ನೋಡಲು ಹೊಂಚು ಹಾಕಿದ ಬೆಕ್ಕು. ಮೂರನೆಯದು ನಡುವಿನ ದಾರಿ: ಏನೂ ಕತ್ತರಿಸದೆ, ತೆರೆದ ರೈಲಿನ ಒಳಮೈಗೆ ಉದ್ದಕ್ಕೂ ಪ್ಲೇಟ್ ಬೆಸೆದು ಪೆಟ್ಟಿಗೆ ಮಾಡಿಬಿಡುವುದು. ದೊಡ್ಡ ಎಂಜಿನ್ ಹಾಕಿದರೂ ಚಾಸಿ ತಿರುಚುವುದಿಲ್ಲ. ಅದಕ್ಕೆ ಷೆವರ್ಲೆ ಎಂಜಿನ್ ಹಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. 1955ರಲ್ಲಿ ಆ ಸಣ್ಣ ವಿ8 ಬಂದ ಮೇಲೆ ಅರ್ಧ ಕ್ಯಾಲಿಫೋರ್ನಿಯಾ ಅದನ್ನೇ ಮಾಡಿತು. ಫೋರ್ಡ್ ಹೊಟ್ಟೆಯಲ್ಲಿ ಷೆವರ್ಲೆ! ನೀನಂತೂ ಆಮೇಲೆ ನನ್ನ ಮನೆಯಲ್ಲಿ ನೀರೂ ಕುಡಿಯುವುದಿಲ್ಲ, ಗೊತ್ತು.

ಅಸಲಿ ರೈಲನ್ನು ಯಾಕೆ ಕತ್ತರಿಸುತ್ತೀಯ, ಹೊಸದಾಗಿ ಒತ್ತಿದ 32ರ ರೈಲು ಮಾರುಕಟ್ಟೆಯಲ್ಲೇ ಸಿಗುತ್ತದಲ್ಲ, ಅದನ್ನು ತಂದು ಕತ್ತರಿಸು ಅಂತ ನೀನು ಕೇಳಬಹುದು. ಸರಿಯಾದ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲದೆ ಇರುವುದರಿಂದಲೇ ಗ್ರೈಂಡರ್ ಇನ್ನೂ ಡಬ್ಬಿಯೊಳಗಿದೆ.

ಇದನ್ನು ಕೇಳು. ಇದು ನನಗಿಂತ ಮುಂಚೆ ಒಬ್ಬರ ಕೈಯಲ್ಲಿ ಇತ್ತು. ಮುಂದಿನ ಭಾಗಕ್ಕೆ ಅವರೇ ಪ್ಲೇಟ್ ಬೆಸೆದಿದ್ದಾರೆ. ಎಂಥ ಬೆಸುಗೆ ಗೊತ್ತಾ? ಹೂವು ಕಟ್ಟಿದ ಹಾಗೆ, ಒಂದೊಂದು ಎಸಳೂ ಒಂದೇ ಅಳತೆ. ಎಂಜಿನ್ ಕೂರಿಸಲು ಕೊರೆದ ತೂತು ಮೂರು ಜೊತೆ ಇವೆ. ಅಂದರೆ ಮೂರು ಸಲ ಮನಸ್ಸು ಬದಲಾಯಿಸಿದ್ದಾರೆ. ಹೋದ ಭಾನುವಾರ ಹಿಂದಿನ ಭಾಗ ಉಜ್ಜುತ್ತಿದ್ದೆ. ತುಕ್ಕಿನ ಕೆಳಗೆ ಒಂದು ಗೀರು ಕಾಣಿಸಿತು. ಗೀರಿನ ಮೇಲೆ ಸಾಲಾಗಿ ಪಂಚಿನಿಂದ ಹೊಡೆದ ಚುಕ್ಕಿ. ಆ ಕಡೆ ರೈಲು ಉಜ್ಜಿದೆ, ಅಲ್ಲೂ ಅದೇ ಜಾಗದಲ್ಲಿ. ಅಳತೆ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಾನು ಕತ್ತರಿಸಬೇಕು ಅಂದುಕೊಂಡ ಜಾಗವೇ ಕಣೋ ಅದು. ಗುರುತು ಹಾಕಿದ್ದಾರೆ, ಚುಕ್ಕಿ ಹೊಡೆದಿದ್ದಾರೆ, ಆಮೇಲೆ ಕತ್ತರಿಸಿಲ್ಲ. ಅಂಥ ಬೆಸುಗೆ ಗೊತ್ತಿದ್ದವರು ಯಾಕೆ ಕತ್ತರಿಸಲಿಲ್ಲ ಅಂತ ಯೋಚಿಸುತ್ತಾ ಅರ್ಧ ದಿನ ಸ್ಟೂಲಿನ ಮೇಲೆ ಕೂತಿದ್ದೆ. ಅವರನ್ನು ಕೇಳುವ ಹಾಗಿಲ್ಲ, ತೀರಿಹೋಗಿದ್ದಾರೆ.

ಇರಲಿ, ನೋಂದಣಿ ವಿಷಯಕ್ಕೆ ಬರುತ್ತೇನೆ, ಅದು ಇನ್ನೂ ತಮಾಷೆ. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಮನೆಯಲ್ಲಿ ಕಟ್ಟಿದ ಗಾಡಿಗೆ ಬೇರೆಯೇ ವರ್ಗ ಇದೆ. ವರ್ಷಕ್ಕೆ 500 ಗಾಡಿಗಳಿಗೆ ಒಂದು ವಿಶೇಷ ಪ್ರಮಾಣಪತ್ರ ಕೊಡುತ್ತಾರೆ. ಅದು ಸಿಕ್ಕರೆ, ಗಾಡಿ ಯಾವ ವರ್ಷದ್ದರ ಹಾಗೆ ಕಾಣುತ್ತದೋ ಆ ವರ್ಷದ ಹೊಗೆ ನಿಯಮ ಸಾಕು. 32ರ ಹಾಗೆ ಕಂಡರೆ ಹೊಗೆ ಪರೀಕ್ಷೆಯ ಕಾಟವೇ ಇಲ್ಲ. ಆದರೆ ಕಾಗದ ಬೇಕು. ಎಂಜಿನ್ ಎಲ್ಲಿಂದ ಬಂತು, ಗೇರ್‌ಬಾಕ್ಸ್ ಎಲ್ಲಿಂದ, ಬಾಡಿ ಎಲ್ಲಿಂದ, ಚಾಸಿ ಎಲ್ಲಿಂದ, ಎಲ್ಲದಕ್ಕೂ ರಶೀದಿ ತೋರಿಸಬೇಕು. ಅದಕ್ಕೇ ಮೊನ್ನೆ ಏಣಿಯ ರಶೀದಿ ಹುಡುಕಿ ತೆಗೆದೆ.

ರಶೀದಿ ಬರೆದಿದ್ದು ನಾನೇ. ನನ್ನದೇ ಅಕ್ಷರ. "ಹಳೆಯ ಫೋರ್ಡ್ ಫ್ರೇಮ್, ಒಂದು. 350 ಡಾಲರ್." ವರ್ಷ ಅಂತ ಒಂದು ಜಾಗ ಇತ್ತು. ಅದನ್ನು ಖಾಲಿ ಬಿಟ್ಟಿದ್ದೇನೆ.

ಮರೆತು ಬಿಟ್ಟಿದ್ದಲ್ಲ ರಘು.

ರಿವರ್‌ಸೈಡ್ ಕಡೆ ಒಂದು ಮನೆ. ಎಂಬತ್ತು ದಾಟಿದ ಹೆಂಗಸು, ಒಬ್ಬರೇ. ಗಂಡನ ಸಾಮಾನು ಖಾಲಿ ಮಾಡುತ್ತಿದ್ದರು. ನಾನು ಹೋಗಿದ್ದು ಒಂದು ಹಳೆಯ ವೈಸ್ (ಕಬ್ಬಿಣ ಕಚ್ಚಿ ಹಿಡಿಯುವ ಸಾಧನ) ಕೊಳ್ಳಲು. ಹಿತ್ತಲಲ್ಲಿ ಟಾರ್ಪಾಲಿನ್ ಮುಚ್ಚಿದ್ದರು, ಒಂದು ಮೂಲೆ ಗಾಳಿಗೆ ಎದ್ದಿತ್ತು, ಆ ಗೆರೆ ಕಾಣಿಸಿತು. ಎದೆ ಢವಢವ ಅಂತು. ಮುಖದಲ್ಲಿ ಏನೂ ತೋರಿಸಲಿಲ್ಲ. ಅದು ನನಗೆ ಅಷ್ಟು ಚೆನ್ನಾಗಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. "ಅದೇನು?" ಅಂತ ಕೇಳಿದೆ. ಕೇಳುವಾಗ ಏನು ಅಂತ ಗೊತ್ತಿತ್ತು. "ಅವರದ್ದು ಯಾವುದೋ ಹಳೆಯ ಫೋರ್ಡ್ ಫ್ರೇಮ್, ನಿನಗೆ ಉಪಯೋಗಕ್ಕೆ ಬರುತ್ತಾ? ಎಷ್ಟು ಬಾಳುತ್ತೆ ನೀನೇ ಹೇಳು, ನನಗೆ ಇದೆಲ್ಲ ತಿಳಿಯಲ್ಲ" ಅಂದರು. "ನೀನೇ ಹೇಳು" ಅಂದರು ಕಣೋ. ನಾನು ತುಕ್ಕಿನ ಮೇಲೆ ಬೆರಳಾಡಿಸಿ, ಸಾಗಿಸುವ ಖರ್ಚೇ ಜಾಸ್ತಿ ಆಗುತ್ತೆ ಅಂತ ರಾಗ ಎಳೆದು, 300 ಅಂದೆ. ಅಸಲಿ 32ರ ಚಾಸಿ ಕೆಲವು ಸಾವಿರ ಡಾಲರ್ ಬಾಳುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "350 ಆಗಲ್ವಾ?" ಅಂತ ಕೇಳಿದರು, ಕೇಳಲು ಸಂಕೋಚ ಅನ್ನುವ ಹಾಗೆ. ನಾನು ದೊಡ್ಡ ಮನಸ್ಸು ಮಾಡಿದವನ ಹಾಗೆ ಒಪ್ಪಿಕೊಂಡೆ. ಹೊರಡುವಾಗ ಅವರ ಮರದ ನಿಂಬೆಹಣ್ಣು ಒಂದು ಚೀಲ ತುಂಬಿ ಕೊಟ್ಟರು. ವಯಸ್ಸಿನಲ್ಲಿ ಅವರ ಯಜಮಾನರು ಎಲ್ ಮಿರಾಜ್‌ಗೆ ಹೋಗುತ್ತಿದ್ದರಂತೆ, ಇವರು ನೆರಳಿಲ್ಲದ ಕಡೆ ಕೂತು ಮಣ್ಣು ತಿನ್ನುತ್ತಿದ್ದರಂತೆ. ನಗುತ್ತಾ ಹೇಳಿದರು. ನಾನೂ ನಕ್ಕೆ.

ಹಳೆಯ ಕಾರು, ಬಿಡಿಭಾಗ ಮಾರುವ ಪೊಮೋನಾ ಸ್ವಾಪ್ ಮೀಟ್ ಸಂತೆಯಲ್ಲಿ ನಸುಕಿನಲ್ಲಿ ಟಾರ್ಚ್ ಹಿಡಿದು ಓಡಾಡುವವರೆಲ್ಲ ಇದನ್ನೇ ಮಾಡುವುದು, ವ್ಯಾಪಾರ ಅಂದರೆ ಇದೇ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅಲ್ಲಿ ಮಾರುವವನಿಗೂ ಗೊತ್ತಿರುತ್ತೆ, ಕೊಳ್ಳುವವನಿಗೂ ಗೊತ್ತಿರುತ್ತೆ. ಅಲ್ಲಿ ಯಾರೂ "ನೀನೇ ಹೇಳು" ಅನ್ನುವುದಿಲ್ಲ. ಫೋಟೋ ಹಾಕಿದ ದಿನ ಯಾರೋ ತಮಾಷೆಗೆ "ಕದ್ದು ತಂದ್ಯಾ?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ರಶೀದಿ ಇದೆ ಅಂತ ಐದು ಸಾಲು ಉತ್ತರ ಬರೆದೆ.

ಕತ್ತರಿಸಲೋ ಬೇಡವೋ, ಆ ಎಂಜಿನ್ನೋ ಈ ಎಂಜಿನ್ನೋ ಅಂತ ಇಷ್ಟುದ್ದ ಪುರಾಣ ಹೇಳಿದೆನಲ್ಲ, ವಿಷಯ ಬಹಳ ಸಣ್ಣದು. ಕತ್ತರಿಸಿಬಿಟ್ಟರೆ ವಾಪಸ್ ಕೊಡಲು ಆಗುವುದಿಲ್ಲ. ರಶೀದಿಯಲ್ಲಿ ಅವರ ಸಹಿಯ ಕೆಳಗೆ ಫೋನ್ ನಂಬರ್ ಇದೆ. ಎರಡು ಸಲ ಒತ್ತಲು ಶುರುಮಾಡಿ ಮೂರನೇ ಅಂಕಿಗೆ ನಿಲ್ಲಿಸಿದೆ. ಏನು ಹೇಳಲಿ? "ಉಳಿದ ದುಡ್ಡು ತಗೊಳ್ಳಿ" ಅನ್ನೋಣ ಅಂದರೆ ಉಳಿದ ದುಡ್ಡು ಎಲ್ಲಿದೆ? ಮಾರ್ಚ್‌ನಿಂದ ಕೆಲಸ ಇಲ್ಲ ನನಗೆ. ನಿನಗೆ ಹೇಳಿರಲಿಲ್ಲ. ಮಾರಿ ಕೊಡಬಹುದು. ಅದೂ ಹೊಳೆದಿದೆ. ಹೊಳೆದ ತಕ್ಷಣ ಗ್ಯಾರೇಜಿಗೆ ಹೋಗಿ ಏಣಿಯ ಪಕ್ಕ ನಿಂತು ಆ ಬೆಸುಗೆ ಸವರಿ ಬರುತ್ತೇನೆ. ಮಾರುವ ಮನಸ್ಸಿರುವವನು ಮಾಡುವ ಕೆಲಸವಾ ಅದು?

ಅಯ್ಯೋ, ಎಲ್ಲಿಗೋ ಹೊರಟು ಎಲ್ಲಿಗೋ ಬಂದೆ. ಬ್ರೇಕ್ ಬಗ್ಗೆ ಒಂದು ಮಾತು ಕೇಳೋಣ ಅಂತ ಶುರು ಮಾಡಿದ್ದು. ಓದುತ್ತಿರುವ ಉಳಿದವರೇ, ಹಿಂದಿನ ನಾಲ್ಕೈದು ಪ್ಯಾರಾ ನೀವು ಓದಿಲ್ಲ ಅಂತ ನಾನು ಅಂದುಕೊಳ್ಳುತ್ತೇನೆ. ನೀವೂ ಹಾಗೇ ನಟಿಸಿ. ರಘು, ನೀನು ಮಾತ್ರ ಕೆಲಸದ ವಿಷಯ ಹಿಡಿದುಕೊಂಡು ಮಧ್ಯರಾತ್ರಿ ಫೋನ್ ಮಾಡಿ ಭಾಷಣ ಬಿಗಿಯಬೇಡ. ಛತ್ರಿ ಪ್ರಕರಣದಲ್ಲಿ ನಾನು ಎಷ್ಟು ಸುಮ್ಮನಿದ್ದೆ ನೆನಪಿಸಿಕೋ.

ಒಂದು ಉಪಕಾರ ಮಾಡು. ರಜೆ ಹಾಕಿ ಬಾ. ಚಾಸಿ ನೇರ ಇದೆಯೋ ಇಲ್ಲವೋ ನೋಡಲು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಬೇಕು, ಎರಡೂ ಅಳತೆ ಒಂದೇ ಬರಬೇಕು. ಮಗಳ ಕೈಗೆ ಟೇಪ್ ಕೊಟ್ಟರೆ ಒಂದು ಸಲ ಒಂದು ಇಂಚು ಜಾಸ್ತಿ ಬರುತ್ತೆ, ಇನ್ನೊಂದು ಸಲ ಅರ್ಧ ಇಂಚು ಕಮ್ಮಿ. ಅವಳ ಕಣ್ಣು ಫೋನಿನ ಮೇಲೆ. ನೀನು ಬಂದು ಆ ತುದಿ ಹಿಡಿ. ಬರುವಾಗ ಸ್ಪಂಜಿನ ಸೀಟೊಂದು ತಂದರೆ ಎರಡು ರೈಲಿನ ನಡುವೆ ಇಟ್ಟು ಕೂರುತ್ತೇನೆ, ಗಾಡಿ ಅರ್ಧ ಮುಗಿಯಿತು ಅಂತ ಫೋಟೋ ಹಾಕಬಹುದು.

ಅವಸರ ಏನೂ ಇಲ್ಲ. ಆ ನಿಂಬೆಹಣ್ಣನ್ನೆಲ್ಲ ಸುಮ ಹೆಚ್ಚಿ, ಉಪ್ಪು ಹಾಕಿ ಭರಣಿಗೆ ತುಂಬಿದ್ದಾಳೆ. ಗ್ಯಾರೇಜಿನ ಬಾಗಿಲು ತೆಗೆದರೆ ಬಿಸಿಲು ಸರಿಯಾಗಿ ಬೀಳುವುದು ಏಣಿಯ ನಡುವಿನ ಅಡ್ಡಪಟ್ಟಿಯ ಮೇಲೆಯೇ ಅಂತೆ. ಭರಣಿ ಅಲ್ಲೇ ಕೂತಿದೆ. ಹದಿನೈದು ದಿನ ಯಾರೂ ಏಣಿ ಮುಟ್ಟಬಾರದು ಅಂತ ಕಟ್ಟಪ್ಪಣೆ ಆಗಿದೆ.

ನಿನ್ನ,
ಏಣಿ ಮಾಲೀಕ